ಆನ್ ರಾಣಿಗೂ ಒಂದು ಪುಟ ಕೊಡಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿನ ರಾಣಿಯರ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಆಗಾಗ ಲೇಖನಗಳು ಬರುತ್ತವೆ. ನಾನು ಒಂದನ್ನೂ ಬಿಡದೆ ಓದುತ್ತೇನೆ. ಓದಿ ಮುಗಿಸಿದಾಗಲೆಲ್ಲ ಒಂದೇ ಬೇಸರ. ಮೊದಲನೇ ಎಲಿಜಬೆತ್, ವಿಕ್ಟೋರಿಯಾ, ಎರಡನೇ ಎಲಿಜಬೆತ್, ಈ ಮೂವರಿಗೇ ಕಥೆ ಮುಗಿದುಹೋಗುತ್ತದೆ. ಅವರ ಬಗ್ಗೆ ಬರೆಯುವುದಾದರೂ ಏನು? ಒಬ್ಬಳು ಮದುವೆಯನ್ನೇ ಆಗಲಿಲ್ಲ, ಇನ್ನೊಬ್ಬಳು ಗಂಡ ಸತ್ತ ಮೇಲೆ ಕೊನೆತನಕ ಕಪ್ಪು ಬಟ್ಟೆ ಬಿಡಲಿಲ್ಲ, ಮತ್ತೊಬ್ಬರ ಕಿರೀಟದಲ್ಲಿ ಎಷ್ಟು ವಜ್ರಗಳಿದ್ದವು. ಆಳಿದ್ದು ಹೇಗೆ ಅನ್ನೋದಕ್ಕೆ ಕೊನೆಯ ಪ್ಯಾರಾದಲ್ಲಿ ಎರಡು ಸಾಲು. ರಾಜರ ಬಗ್ಗೆ ನಾವು ಹೀಗೆ ಬರೆಯುತ್ತೇವಾ?

ಸ್ವಂತ ಹಕ್ಕಿನಿಂದ ಸಿಂಹಾಸನ ಏರಿದ ಹೆಂಗಸರು ಅಲ್ಲಿ ಇನ್ನೂ ಇದ್ದಾರೆ. 1553ರಲ್ಲಿ ಒಂಬತ್ತು ದಿನ ರಾಣಿ ಅನ್ನಿಸಿಕೊಂಡ ಜೇನ್ ಗ್ರೇ, ಆಮೇಲೆ ಮೊದಲನೇ ಮೇರಿ, 1689ರಲ್ಲಿ ಎರಡನೇ ಮೇರಿ, 1702ರಲ್ಲಿ ಆನ್. ಇವರಲ್ಲಿ ಆನ್ ರಾಣಿಗೆ ಆದಷ್ಟು ಅನ್ಯಾಯ ಬೇರೆ ಯಾರಿಗೂ ಆಗಿಲ್ಲ ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಈ ಪತ್ರ ಮುಖ್ಯವಾಗಿ ಅವಳ ಪರವಾಗಿ. ಆದರೆ ಉಳಿದವರ ಬಗ್ಗೆ ಸ್ವಲ್ಪ ಹೇಳದೆ ಅವಳ ಹತ್ತಿರ ಬರಲು ಆಗುವುದಿಲ್ಲ.

ಇವರು ಯಾರನ್ನೂ ಆ ದೇಶ ಖುಷಿಯಿಂದ ಕರೆದು ಕೂರಿಸಲಿಲ್ಲ. ಗಂಡು ವಾರಸುದಾರ ಇಲ್ಲದಾಗ, ಇಲ್ಲವೇ ಇದ್ದ ಗಂಡು ಬೇಡವಾದಾಗ ಮಾತ್ರ ಹೆಣ್ಣಿನ ಸರದಿ ಬಂತು. ತಮ್ಮ ಆರನೇ ಎಡ್ವರ್ಡ್ 15ನೇ ವಯಸ್ಸಿಗೇ ತೀರಿಕೊಂಡ ಮೇಲೆ ಮೇರಿ, ಮೇರಿಗೆ ಮಕ್ಕಳಾಗದೆ ಎಲಿಜಬೆತ್. ದೊಡ್ಡಪ್ಪಂದಿರಿಗೆ ಪಟ್ಟಕ್ಕೆ ಬರುವಂಥ ಮಕ್ಕಳು ಉಳಿಯದೆ ವಿಕ್ಟೋರಿಯಾ. ಎರಡನೇ ಎಲಿಜಬೆತ್‌ಗೂ ಅಣ್ಣತಮ್ಮಂದಿರು ಇರಲಿಲ್ಲ. ಅಕ್ಕತಂಗಿಯರಾದ ಎರಡನೇ ಮೇರಿಗೆ ಮತ್ತು ಆನ್‌ಗೆ ಮಲತಮ್ಮ ಇದ್ದ, ಆದರೆ ಅವನು ಕ್ಯಾಥೊಲಿಕ್ ಆಗಿ ಬೆಳೆಯುತ್ತಾನೆ ಅಂತ ದೇಶ ಅವನನ್ನು ದೂರ ಇಟ್ಟಿತು.

ಮೊದಲನೇ ಮೇರಿಯನ್ನು ನೋಡಿ. ಅಪ್ಪ ಎಂಟನೇ ಹೆನ್ರಿ ಅವಳ ತಾಯಿಯನ್ನು ಬಿಟ್ಟ, ಮಗಳನ್ನು ಕಾನೂನುಬದ್ಧ ಮಗಳೇ ಅಲ್ಲ ಅಂತ ಸಾರಿದ. ತಮ್ಮ ಸಾಯುವಾಗ ಅಕ್ಕಂದಿರಿಬ್ಬರನ್ನೂ ಬಿಟ್ಟು ಸಂಬಂಧಿ ಜೇನ್ ಗ್ರೇಗೆ ಪಟ್ಟ ಬರೆದಿಟ್ಟ. ಲಂಡನ್ನಿನ ಮಂತ್ರಿಮಂಡಲ, ಖಜಾನೆ, ಸೈನ್ಯ ಎಲ್ಲ ಜೇನ್ ಕಡೆಯವರ ಕೈಯಲ್ಲಿತ್ತು. ಮೇರಿ ಓಡಿ ಬೇರೆ ದೇಶ ಸೇರಲಿಲ್ಲ. ಇಂಗ್ಲೆಂಡಿನ ಪೂರ್ವ ಭಾಗಕ್ಕೆ ಹೋಗಿ, ರಾಣಿ ನಾನೇ ಅಂತ ಮಂತ್ರಿಗಳಿಗೆ ಪತ್ರ ಬರೆದಳು, ಫ್ರಾಮ್ಲಿಂಗಮ್ ಕೋಟೆಯಲ್ಲಿ ಜನ ಸೇರಿಸಿದಳು. 1553ರ ಜುಲೈ 19ಕ್ಕೆ ಅದೇ ಮಂತ್ರಿಗಳು ಲಂಡನ್ನಿನಲ್ಲಿ ನಿಂತು ಅವಳನ್ನು ರಾಣಿ ಅಂತ ಘೋಷಿಸಿದರು. ಜೇನ್ ಪಾಪ, ಹದಿಹರೆಯದ ಹುಡುಗಿ, ದೊಡ್ಡವರ ಲೆಕ್ಕಾಚಾರಕ್ಕೆ 1554ರ ಫೆಬ್ರವರಿಯಲ್ಲಿ ತಲೆ ಕೊಟ್ಟಳು.

ಅದೇ 1554ರಲ್ಲಿ ಪಾರ್ಲಿಮೆಂಟು ಒಂದು ಕಾಯ್ದೆ ಮಾಡಿತು. ಸಿಂಹಾಸನದಲ್ಲಿ ಗಂಡು ಕೂರಲಿ, ಹೆಣ್ಣು ಕೂರಲಿ, ಅಧಿಕಾರ ಒಂದೇ ಅಂತ. ಸ್ಪೇನಿನ ಫಿಲಿಪ್ ಜೊತೆ ಮದುವೆ ಮಾಡಿಕೊಳ್ಳುವಾಗಲೂ ಕರಾರಿನಲ್ಲಿ ಅವನ ಕೈ ಕಟ್ಟಿದ್ದರು. ಅವನಿಗೆ ರಾಜ ಅನ್ನೋ ಹೆಸರು ಮಾತ್ರ. ಹೊರಗಿನವರಿಗೆ ಹುದ್ದೆ ಕೊಡುವಂತಿಲ್ಲ, ಮೇರಿ ಮಕ್ಕಳಿಲ್ಲದೆ ತೀರಿಕೊಂಡರೆ ಅವನಿಗೆ ಇಂಗ್ಲೆಂಡಿನಲ್ಲಿ ಏನೂ ಇಲ್ಲ. ಎಲಿಜಬೆತ್ 44 ವರ್ಷ ಆಳಿದ್ದು ಅಕ್ಕ ಹಾಕಿಕೊಟ್ಟ ಈ ಅಡಿಪಾಯದ ಮೇಲೆ. ಮೇರಿಯ ಕಾಲದಲ್ಲಿ ಸುಮಾರು 280 ಪ್ರಾಟೆಸ್ಟಂಟರನ್ನು ಸುಟ್ಟರು, ಅದನ್ನು ನಾನು ಮುಚ್ಚಿಡುವುದಿಲ್ಲ. ಅದು ಘೋರ. ಎಲಿಜಬೆತ್ ಕಾಲದಲ್ಲೂ ನೂರಕ್ಕೂ ಹೆಚ್ಚು ಕ್ಯಾಥೊಲಿಕ್ ಪಾದ್ರಿಗಳನ್ನು ಕೊಂದರು, ಅದೂ ಘೋರವೇ. ಆದರೆ ಒಬ್ಬಳು 'ರಕ್ತಪಿಪಾಸು ಮೇರಿ' ಆದಳು, ಇನ್ನೊಬ್ಬಳ ಕಾಲ ಸುವರ್ಣಯುಗ ಆಯಿತು.

ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಇಬ್ಬರನ್ನೂ ಒಂದೇ ಸಮಾಧಿಯಲ್ಲಿ ಇಟ್ಟಿದ್ದಾರೆ. ಅಮೃತಶಿಲೆಯಲ್ಲಿ ಮಲಗಿರುವ ಮೂರ್ತಿ ಎಲಿಜಬೆತ್‌ದು ಮಾತ್ರ. ಮೇರಿಗೆ ಮೂರ್ತಿ ಇಲ್ಲ. ಕೆಳಗೆ ಲ್ಯಾಟಿನ್‌ನಲ್ಲಿ ಎರಡು ಸಾಲು ಇದೆ, ಸಿಂಹಾಸನದಲ್ಲೂ ಸಮಾಧಿಯಲ್ಲೂ ಜೊತೆಯಾದ ಅಕ್ಕತಂಗಿಯರು ನಾವು ಇಲ್ಲಿ ಮಲಗಿದ್ದೇವೆ ಅಂತ. ಮೇರಿಯ ಪಾಲಿಗೆ ಅಷ್ಟೇ.

ಎರಡನೇ ಮೇರಿಯ ಬಗ್ಗೆ ಹೇಳುವುದು ಕಡಿಮೆ, ಯಾಕೆಂದರೆ ಅವಳಿಗೆ ಸಿಕ್ಕ ಸಮಯವೇ ಕಡಿಮೆ. ಗಂಡ ಮೂರನೇ ವಿಲಿಯಂ ಜೊತೆ ಜಂಟಿಯಾಗಿ ಪಟ್ಟಕ್ಕೆ ಬಂದಳು, ಆಡಳಿತ ಮಾತ್ರ ಅವನೊಬ್ಬನ ಕೈಲಿ. ಆದರೆ ಅವನು ಯುದ್ಧಕ್ಕೆ ಅಂತ ದೇಶ ಬಿಟ್ಟು ಹೋದಾಗಲೆಲ್ಲ ಆಳಿದವಳು ಅವಳೇ. 1690ರ ಬೇಸಿಗೆಯಲ್ಲಿ ವಿಲಿಯಂ ಐರ್ಲೆಂಡಿನಲ್ಲಿ ಮೇರಿಯ ಅಪ್ಪ, ಪಟ್ಟ ಕಳೆದುಕೊಂಡಿದ್ದ ಎರಡನೇ ಜೇಮ್ಸ್‌ನ ವಿರುದ್ಧವೇ ಹೋರಾಡುತ್ತಿದ್ದ. ಅದೇ ಹೊತ್ತಿಗೆ ಫ್ರೆಂಚ್ ನೌಕಾಪಡೆ ಬೀಚಿ ಹೆಡ್ ಹತ್ತಿರ ಇಂಗ್ಲಿಷರನ್ನೂ ಡಚ್ಚರನ್ನೂ ಸೋಲಿಸಿತು. ಇತ್ತ 28 ವರ್ಷದ ಮೇರಿ ಲಂಡನ್ನಿನಲ್ಲಿ ಕೂತು ಸಂಚಿನ ಅನುಮಾನ ಇದ್ದವರನ್ನು ಹಿಡಿಸಿದಳು, ಅವರಲ್ಲಿ ಸ್ವಂತ ಸೋದರಮಾವನೂ ಇದ್ದ. 1694ರ ಡಿಸೆಂಬರಿನಲ್ಲಿ ಸಿಡುಬು ಬಂದು 32ನೇ ವಯಸ್ಸಿಗೇ ತೀರಿಕೊಂಡಳು.

ಈಗ ಆನ್.

ಆನ್ ಅಂದ ಕೂಡಲೇ ಎಲ್ಲರೂ ಹೇಳುವುದು ಮೂರೇ ಮಾತು. ಮಕ್ಕಳು ಉಳಿಯಲಿಲ್ಲ, ದಪ್ಪಗಿದ್ದಳು, ಗೆಳತಿ ಹೇಳಿದಂತೆ ಕುಣಿದಳು. ಮೊದಲನೆಯದು ನಿಜ, ಮತ್ತು ಅದು ಎಂಥ ನಿಜ ಅಂದರೆ ಓದುವಾಗಲೇ ಎದೆ ಭಾರವಾಗುತ್ತದೆ. ಕನಿಷ್ಠ 17 ಸಲ ಗರ್ಭಿಣಿಯಾದಳು. ಹೆಚ್ಚಿನವು ಗರ್ಭಪಾತ, ಇಲ್ಲವೇ ಹುಟ್ಟುವಾಗಲೇ ಸತ್ತ ಕೂಸುಗಳು. 1687ರ ಫೆಬ್ರವರಿಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳು ಸಿಡುಬಿನಿಂದ ಕೆಲವೇ ದಿನಗಳ ಅಂತರದಲ್ಲಿ ಹೋದರು. ಉಳಿದಿದ್ದವನು ಒಬ್ಬನೇ ಮಗ, ವಿಲಿಯಂ. ಅವನೂ 1700ರ ಜುಲೈನಲ್ಲಿ, 11 ತುಂಬಿದ ಹುಟ್ಟುಹಬ್ಬ ಕಳೆದು ಒಂದು ವಾರ ಆಗುವುದರೊಳಗೆ ತೀರಿಕೊಂಡ. ಇಷ್ಟೆಲ್ಲ ನೋಡಿದ ಹೆಂಗಸು 1702ರ ಮಾರ್ಚ್ 8ರಂದು ರಾಣಿಯಾದಳು. ವಯಸ್ಸು 37. ಕಾಲು ಎಷ್ಟು ಊದಿ ನೋಯುತ್ತಿತ್ತು ಅಂದರೆ ಪಟ್ಟಾಭಿಷೇಕಕ್ಕೆ ಅವಳನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋಗಬೇಕಾಯಿತು. ಹಿಂದೆ ಇಳಿಬಿದ್ದ ಉದ್ದನೆಯ ಸೆರಗಿನಂಥ ನಿಲುವಂಗಿಯನ್ನು ಹಿಡಿದುಕೊಳ್ಳಲು ಸಖಿಯರಿಗೆ ಆಗಲಿ ಅಂತ ಆ ಕುರ್ಚಿಯ ಬೆನ್ನನ್ನು ತಗ್ಗಾಗಿ ಮಾಡಿಸಿದ್ದರು.

ಅದಾದ ಮೇಲೆ 12 ವರ್ಷ ಏನು ಮಾಡಿದಳು ಅನ್ನೋದನ್ನು ಯಾರೂ ಬರೆಯುವುದಿಲ್ಲ. ಮಂತ್ರಿಮಂಡಲದ ಸಭೆಗಳಲ್ಲಿ ತಾನೇ ಬಂದು ಕೂರುತ್ತಿದ್ದಳು, ವಾರ ವಾರ. ಈಗಿನ ಬ್ರಿಟನ್ ಅನ್ನೋ ದೇಶ ಹುಟ್ಟಿದ್ದು ಅವಳ ಕಾಲದಲ್ಲಿ. ಅದಕ್ಕೆ ಮುಂಚೆ ಇಂಗ್ಲೆಂಡ್ ಬೇರೆ, ಸ್ಕಾಟ್ಲೆಂಡ್ ಬೇರೆ, ರಾಜ ಒಬ್ಬನೇ ಆದರೂ ಪಾರ್ಲಿಮೆಂಟು ಎರಡು. ಮುಂದೆ ನಮ್ಮ ರಾಜನನ್ನು ನಾವೇ ಆರಿಸಿಕೊಳ್ಳುತ್ತೇವೆ ಅಂತ ಸ್ಕಾಟ್ಲೆಂಡ್ ಪಟ್ಟು ಹಿಡಿಯಿತು, ಹಾಗಾದರೆ ನಿಮ್ಮ ದನ, ಬಟ್ಟೆ, ಕಲ್ಲಿದ್ದಲು ಇಲ್ಲಿಗೆ ತರುವಂತಿಲ್ಲ ಅಂತ ಇಂಗ್ಲೆಂಡ್ ಬೆದರಿಸಿತು. ಎರಡೂ ಕಡೆಯ ಮಾತುಕತೆಗೆ ಕಮಿಷನರುಗಳನ್ನು ನೇಮಿಸಿ, ಒಂದಾಗಲೇಬೇಕು ಅಂತ ಮೊದಲಿನಿಂದ ಒತ್ತಿ ಹೇಳಿದವಳು ಆನ್. 1707ರ ಮೇ 1ಕ್ಕೆ ಗ್ರೇಟ್ ಬ್ರಿಟನ್ ಆಯಿತು. ಸ್ಕಾಟ್ಲೆಂಡಿಗೆ ಪಾರ್ಲಿಮೆಂಟಿನ ಕೆಳಮನೆ ಕಾಮನ್ಸ್ ಸಭೆಯಲ್ಲಿ 45 ಸ್ಥಾನ, ಮೇಲ್ಮನೆ ಲಾರ್ಡ್ಸ್‌ನಲ್ಲಿ 16. ಇಂಗ್ಲೆಂಡಿನ ಸಾಲದ ಹೊರೆ ಹೊರುವುದಕ್ಕೆ ಪರಿಹಾರ ಅಂತ 3,98,085 ಪೌಂಡ್. ಎಡಿನ್‌ಬರೊದ ಬೀದಿಗಳಲ್ಲಿ ಜನ ಇದನ್ನು ವಿರೋಧಿಸಿ ಗಲಾಟೆ ಮಾಡಿದ್ದರು, ಅದೂ ಸತ್ಯ. ಇಂದಿಗೂ ಅಲ್ಲಿ ಆ ವಾದ ನಿಂತಿಲ್ಲ. ಒಳ್ಳೆಯದೋ ಕೆಟ್ಟದ್ದೋ, ಅಷ್ಟು ದೊಡ್ಡ ಕೆಲಸ ಮಾಡಿದ ರಾಜ ಒಬ್ಬ ಇದ್ದಿದ್ದರೆ ಅವನ ಹೆಸರು ಮಕ್ಕಳಿಗೂ ಗೊತ್ತಿರುತ್ತಿತ್ತು.

ಪಾರ್ಲಿಮೆಂಟು ಪಾಸು ಮಾಡಿದ ಮಸೂದೆಗೆ ಸಹಿ ಹಾಕಲ್ಲ ಅಂದ ಕೊನೆಯ ಬ್ರಿಟಿಷ್ ದೊರೆಯೂ ಆನ್. 1708ರ ಮಾರ್ಚ್ 11, ಸ್ಕಾಟ್ಲೆಂಡಿನ ನಾಗರಿಕ ಸೈನ್ಯದ ಮಸೂದೆ. ಪಟ್ಟ ತನಗೇ ಸೇರಬೇಕು ಅನ್ನುತ್ತಿದ್ದ ಅವಳ ಮಲತಮ್ಮನನ್ನು ಹತ್ತಿಸಿಕೊಂಡು ಫ್ರೆಂಚ್ ಹಡಗುಗಳು ಸ್ಕಾಟ್ಲೆಂಡಿನ ಕಡೆ ಹೊರಟಿದ್ದ ಸಮಯ ಅದು. ಆ ಹೊತ್ತಲ್ಲಿ ಅಲ್ಲಿನವರ ಕೈಗೆ ಬಂದೂಕು ಕೊಡುವುದು ಬೇಡ ಅಂತ ಮಂತ್ರಿಗಳೇ ಹೇಳಿದರು, ಅವಳು ತಡೆದಳು. ಆಮೇಲೆ ಇವತ್ತಿನವರೆಗೆ ಯಾವ ರಾಜನೂ ರಾಣಿಯೂ ಹಾಗೆ ಮಾಡಿಲ್ಲ.

ಪುಸ್ತಕ ಬರೆದವನಿಗೇ ಅದರ ಮೇಲೆ ಹಕ್ಕು ಅಂತ ಹೇಳಿದ ಮೊದಲ ಕಾನೂನು ಬಂದಿದ್ದೂ 1710ರಲ್ಲಿ, ಅವಳ ಕಾಲದಲ್ಲೇ. ಹೊಸ ಪುಸ್ತಕಕ್ಕೆ 14 ವರ್ಷ, ಲೇಖಕ ಬದುಕಿದ್ದರೆ ಇನ್ನೂ 14. ಇಂದಿಗೂ ವಕೀಲರು ಅದನ್ನು ಕರೆಯುವುದು 'ಆನ್ ಶಾಸನ' ಅಂತಲೇ. ಪತ್ರಿಕೆ ನಡೆಸುವ ನಿಮಗೆ ಇದಾದರೂ ಮುಖ್ಯ ಅನ್ನಿಸಬೇಕು ಅಲ್ವಾ?

ಇನ್ನು ಗೆಳತಿಯ ವಿಷಯ. ಸಾರಾ ಚರ್ಚಿಲ್, ದೊಡ್ಡ ಸೇನಾಪತಿ ಮಾರ್ಲ್‌ಬರೊ ಡ್ಯೂಕನ ಹೆಂಡತಿ, ಆನ್‌ಗೆ ಚಿಕ್ಕಂದಿನಿಂದ ಪರಿಚಯ. ಪದವಿಯ ಅಂತರ ಬೇಡ ಅಂತ ಇಬ್ಬರೂ ಪತ್ರಗಳಲ್ಲಿ ಮಿಸೆಸ್ ಮಾರ್ಲಿ, ಮಿಸೆಸ್ ಫ್ರೀಮನ್ ಅಂತ ಕರೆದುಕೊಳ್ಳುತ್ತಿದ್ದರು. ಆ ಸಾರಾಳನ್ನು ಬಿಟ್ಟುಬಿಡು ಅಂತ ರಾಣಿಯಾಗಿದ್ದ ಸ್ವಂತ ಅಕ್ಕ ಮೇರಿ ಹೇಳಿದಾಗ ಆನ್ ಒಪ್ಪಲಿಲ್ಲ, ಅಕ್ಕತಂಗಿಯರ ಮಾತೇ ನಿಂತುಹೋಯಿತು, ಆ ಜಗಳ ಮುಗಿಯುವ ಮೊದಲೇ ಮೇರಿ ತೀರಿಕೊಂಡಳು. ಹಟ ಇತ್ತು ಅವಳಿಗೆ, ಜಾಸ್ತಿಯೇ ಇತ್ತು. ಅದೇ ಹಟ ಮುಂದೆ ಸಾರಾಗೂ ಎದುರಾಯಿತು. ಸಾರಾ ಸದಾ ವಿಗ್ ಪಕ್ಷದವರಿಗೆ ಹುದ್ದೆ ಕೊಡು ಅಂತ ಪೀಡಿಸುತ್ತಿದ್ದಳು, ಆನ್‌ಗೆ ಒಂದೇ ಪಕ್ಷದ ಕೈಗೊಂಬೆ ಆಗುವುದು ಬೇಕಿರಲಿಲ್ಲ. 1708ರ ಆಗಸ್ಟ್‌ನಲ್ಲಿ ಫ್ರಾನ್ಸ್ ವಿರುದ್ಧದ ಯುದ್ಧದಲ್ಲಿ ಒಂದು ಕಾಳಗ ಗೆದ್ದ ಸಂತೋಷಕ್ಕೆ ಸೇಂಟ್ ಪಾಲ್ಸ್ ಚರ್ಚಿಗೆ ಹೊರಟಾಗ, ತಾನು ಎತ್ತಿಟ್ಟ ಒಡವೆಗಳನ್ನು ರಾಣಿ ಹಾಕಿಕೊಳ್ಳಲಿಲ್ಲ ಅಂತ ಸಾರಾ ದಾರಿಯುದ್ದಕ್ಕೂ ಜಗಳ ತೆಗೆದಳು, ಚರ್ಚಿನ ಬಾಗಿಲಲ್ಲಿ ಜನರೆದುರು ರಾಣಿಗೇ 'ಸುಮ್ಮನಿರಿ' ಅಂದಳು. ಎರಡು ತಿಂಗಳ ನಂತರ ಆನ್‌ಳ ಗಂಡ ಜಾರ್ಜ್ ತೀರಿಕೊಂಡ, ಆಗಲೂ ಸಾರಾಗೆ ಕನಿಕರ ಹುಟ್ಟಲಿಲ್ಲ.

1710ರ ಏಪ್ರಿಲ್‌ನಲ್ಲಿ ಕೆನ್ಸಿಂಗ್ಟನ್ ಅರಮನೆಯಲ್ಲಿ ಇಬ್ಬರೂ ಕೊನೆಯ ಸಲ ಭೇಟಿಯಾದರು. ನನ್ನ ಮಾತು ಕೇಳಿಸಿಕೊಂಡರೆ ಸಾಕು, ಉತ್ತರ ಬೇಡ ಅಂತ ಸಾರಾ ಮೊದಲೇ ಬರೆದಿದ್ದಳು. ಅತ್ತಳು, ಕಾರಣ ಕೇಳಿದಳು, ಬೇಡಿಕೊಂಡಳು. ಆನ್ ಕೊನೆಯವರೆಗೂ ಒಂದೇ ಮಾತು ಹೇಳಿದಳು. ಉತ್ತರ ಬೇಡ ಅಂದವರು ನೀವು, ನಾನು ಉತ್ತರ ಕೊಡುವುದಿಲ್ಲ. ಮರುವರ್ಷದ ಜನವರಿಯಲ್ಲಿ ಸಾರಾ ಅರಮನೆಯಲ್ಲಿನ ತನ್ನ ಹುದ್ದೆಯ ಗುರುತಾದ ಚಿನ್ನದ ಕೀಲಿ ವಾಪಸು ಕೊಡಬೇಕಾಯಿತು, ಆ ವರ್ಷದ ಕೊನೆಗೆ ಮಾರ್ಲ್‌ಬರೊ ಡ್ಯೂಕನ ಕೆಲಸವೂ ಹೋಯಿತು. ಯುರೋಪೆಲ್ಲ ಹೆದರುತ್ತಿದ್ದ ಸೇನಾಪತಿ ಅವನು. ಆ ಯುದ್ಧ ನಿಲ್ಲಿಸುವ ಶಾಂತಿ ಒಪ್ಪಂದಕ್ಕೆ ಲಾರ್ಡ್ಸ್ ಸಭೆ ಅಡ್ಡ ನಿಂತಾಗ ಒಂದೇ ಸಲಕ್ಕೆ 12 ಹೊಸ ಲಾರ್ಡ್‌ಗಳನ್ನು ಮಾಡಿ ಬಹುಮತ ತಂದುಕೊಂಡಳು. 1713ರ ಉಟ್ರೆಕ್ಟ್ ಒಪ್ಪಂದ ಆಗಿದ್ದು ಹಾಗೆ. ಅದರಲ್ಲಿ ಬ್ರಿಟನ್ನಿಗೆ ಜಿಬ್ರಾಲ್ಟರ್ ಸಿಕ್ಕಿತು. ಸ್ಪೇನಿನ ವಸಾಹತುಗಳಿಗೆ ಆಫ್ರಿಕಾದ ಗುಲಾಮರನ್ನು ಸಾಗಿಸುವ ಗುತ್ತಿಗೆಯೂ ಸಿಕ್ಕಿತು, ಆ ಕಳಂಕವನ್ನೂ ಅವಳ ಲೆಕ್ಕಕ್ಕೇ ಬರೆಯಬೇಕು. ಆದರೆ ಇದು ಯಾರೋ ಹೇಳಿದಂತೆ ಕುಣಿಯುವ ಹೆಂಗಸು ಮಾಡುವ ಕೆಲಸವಾ, ನೀವೇ ಹೇಳಿ.

ಹಾಗಾದರೆ ಅವಳು ಪೆದ್ದಿ, ಮೆತ್ತಗಿನವಳು ಅನ್ನೋ ಕಥೆ ಎಲ್ಲಿಂದ ಬಂತು? ಬಹುಪಾಲು ಸಾರಾಳಿಂದಲೇ. ಆನ್ ಸತ್ತಿದ್ದು 1714ರ ಆಗಸ್ಟ್ 1. ಸಾರಾ ಅದಾದ ಮೇಲೆ 30 ವರ್ಷ ಬದುಕಿದಳು, 1742ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿದಳು. ಎದುರು ಮಾತಾಡಲು ಆನ್ ಇರಲಿಲ್ಲ, ಅವಳ ಪರವಾಗಿ ಮಾತಾಡಲು ಮಕ್ಕಳೂ ಇರಲಿಲ್ಲ. ಕೆಲಸ ಕಳೆದುಕೊಂಡವಳು ಕೆಲಸದಿಂದ ತೆಗೆದವಳ ಬಗ್ಗೆ ಬರೆದ ಮಾತುಗಳನ್ನು ಮುಂದಿನವರು ಹಾಗೇ ಎತ್ತಿಕೊಂಡರು. ನನಗೆ ಸಿಟ್ಟು ಬರುವುದು ಇಲ್ಲಿ. ಜೀವನಪೂರ್ತಿ ನೋವು ತಿಂದ ಒಂದು ಹೆಣ್ಣನ್ನು ಅವಳ ದೇಹದ ಗಾತ್ರದಿಂದ ಅಳೆದು ಕೈಬಿಟ್ಟಿದ್ದೇವೆ.

ವಿಕ್ಟೋರಿಯಾ ಬಗ್ಗೆ ಎಲ್ಲರಿಗೂ ಗೊತ್ತು, ಹೆಚ್ಚು ಹೇಳಲ್ಲ. 1837ರ ಜೂನ್ 20ರ ಬೆಳಗ್ಗೆ ಆರು ಗಂಟೆಗೆ ಅಮ್ಮ ಎಬ್ಬಿಸಿದಳು, 18 ವರ್ಷದ ಹುಡುಗಿ ರಾತ್ರಿಯುಡುಪಿನ ಮೇಲೆ ಗೌನು ಹಾಕಿಕೊಂಡು ಹೋಗಿ ತಾನು ರಾಣಿ ಅನ್ನೋ ಸುದ್ದಿ ಕೇಳಿದಳು. ಒಬ್ಬಳೇ ಹೋದೆ ಅಂತ ಡೈರಿಯಲ್ಲಿ ಒತ್ತಿ ಬರೆದಿದ್ದಾಳೆ. ಅವತ್ತಿನವರೆಗೆ ಒಬ್ಬಳೇ ಮಲಗಲು, ಒಬ್ಬಳೇ ಮೆಟ್ಟಿಲಿಳಿಯಲು ಬಿಡದೆ ಬೆಳೆಸಿದ್ದರು. ಅವತ್ತೇ ಅಮ್ಮನ ಕೋಣೆಯಿಂದ ತನ್ನ ಮಂಚ ತೆಗೆಸಿದಳು. ಅಲ್ಲಿಯವರೆಗೆ ಬ್ರಿಟನ್ನಿನ ರಾಜರೇ ಆಳುತ್ತಿದ್ದ ಜರ್ಮನಿಯ ಹ್ಯಾನೋವರ್ ರಾಜ್ಯ ಮಾತ್ರ ಅವಳಿಗೆ ಸಿಗಲಿಲ್ಲ, ಅಲ್ಲಿ ಹೆಣ್ಣು ಪಟ್ಟಕ್ಕೆ ಬರುವಂತಿರಲಿಲ್ಲ, ಅದು ಅವಳ ಚಿಕ್ಕಪ್ಪನಿಗೆ ಹೋಯಿತು. ಇದೇ ವಿಕ್ಟೋರಿಯಾ 1870ರಲ್ಲಿ ಹೆಂಗಸರ ಹಕ್ಕು ಅನ್ನೋದೇ ಹುಚ್ಚು, ಕೆಟ್ಟತನ ಅಂತ ಪತ್ರ ಬರೆದಳು. 1877ರ ಜನವರಿ 1ರಂದು ದೆಹಲಿ ದರ್ಬಾರಿನಲ್ಲಿ ಅವಳನ್ನು ಭಾರತದ ಚಕ್ರವರ್ತಿನಿ ಅಂತ ಸಾರಿದಾಗ ಮದರಾಸು, ಮೈಸೂರು ಸೀಮೆಗಳಲ್ಲಿ ಜನ ಬರದಿಂದ ಸಾಯುತ್ತಿದ್ದರು. ಅವಳು ಭಾರತಕ್ಕೆ ಒಮ್ಮೆಯೂ ಬರಲಿಲ್ಲ. ಅವಳ ಬಗ್ಗೆ ಬರೆಯುವಾಗ ಆಲ್ಬರ್ಟ್ ಜೊತೆಗಿನ ಪ್ರೇಮಕಥೆಗಿಂತ ಇವು ಮುಖ್ಯ ಅಂತ ನನಗನ್ನಿಸುತ್ತದೆ.

ಎರಡನೇ ಎಲಿಜಬೆತ್ ಅವರು 70 ವರ್ಷ ಆಳಿದರು, ಚರ್ಚಿಲ್‌ರಿಂದ ಹಿಡಿದು ಲಿಜ್ ಟ್ರಸ್‌ವರೆಗೆ 15 ಪ್ರಧಾನಿಗಳನ್ನು ನೋಡಿದರು. ಆದರೆ ಅವರನ್ನು ರಾಜಕುಮಾರಿಯಾಗಿದ್ದಾಗ ಒಮ್ಮೆಯೂ ಖಚಿತ ವಾರಸುದಾರೆ ಅಂತ ಕರೆಯಲಿಲ್ಲ. ಯಾಕೆ ಅಂದರೆ ಅಪ್ಪನಿಗೆ ಗಂಡು ಮಗು ಹುಟ್ಟಿಬಿಡಬಹುದು ಅನ್ನೋ ಸಾಧ್ಯತೆಯನ್ನು ಕಾನೂನು ಕೊನೆತನಕ ಇಟ್ಟುಕೊಂಡಿತ್ತು! ಆ ಕಾನೂನು ಬದಲಾಗಿದ್ದು ಅವರದೇ ಕಾಲದಲ್ಲಿ, 2013ರಲ್ಲಿ ಕಾಯ್ದೆ ಪಾಸಾಗಿ 2015ರ ಮಾರ್ಚ್‌ನಲ್ಲಿ ಜಾರಿಗೆ ಬಂತು. 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಲ್ಲಿ ತಮ್ಮ ಬಂದರೂ ಅಕ್ಕನ ಸ್ಥಾನ ಹೋಗುವುದಿಲ್ಲ. 2018ರಲ್ಲಿ ಅವರ ಮರಿಮಗ ಲೂಯಿ ಹುಟ್ಟಿದಾಗ ಅವನ ಅಕ್ಕ ಷಾರ್ಲೆಟ್ ತನ್ನ ಜಾಗದಲ್ಲೇ ಉಳಿದಳು. ಮೇರಿಯ ಕಾಲದ ಕಾಯ್ದೆ ಬಂದು 460 ವರ್ಷ ಆದ ಮೇಲೆ ಇದು. ಇದೇ ನಿಯಮ ಮೊದಲೇ ಇದ್ದಿದ್ದರೆ ವಿಕ್ಟೋರಿಯಾ ನಂತರ ಅವಳ ಹಿರಿಯ ಮಗಳು ರಾಣಿ ಆಗುತ್ತಿದ್ದಳು. ಆ ಮಗಳು 1901ರಲ್ಲೇ, ತಾಯಿ ಹೋದ ಕೆಲವೇ ತಿಂಗಳಿಗೆ ತೀರಿಕೊಂಡಳು. ಅವಳ ಮಗ ಯಾರು ಗೊತ್ತಾ? ಜರ್ಮನಿಯ ಕೈಸರ್ ಎರಡನೇ ವಿಲ್‌ಹೆಲ್ಮ್. ಇಂಥದ್ದನ್ನು ಬರೆದರೆ ಓದುಗರು ಕಿರೀಟದ ವಜ್ರಕ್ಕಿಂತ ಹೆಚ್ಚು ಆಸಕ್ತಿಯಿಂದ ಓದುತ್ತಾರೆ.

ನನ್ನ ಕೋರಿಕೆ ಒಂದೇ. ಎರಡನೇ ಎಲಿಜಬೆತ್ ಪಟ್ಟಕ್ಕೆ ಬಂದಿದ್ದು 1952ರ ಫೆಬ್ರವರಿ 6. ಆನ್ ಹುಟ್ಟಿದ್ದೂ ಫೆಬ್ರವರಿ 6, ಅಂದಿನ ಇಂಗ್ಲೆಂಡಿನ ಕ್ಯಾಲೆಂಡರಿನಲ್ಲಿ, 1665ರಲ್ಲಿ. ಮುಂದಿನ ಸಲ ಆ ದಿನ ನೀವು ಏನಾದರೂ ಪ್ರಕಟಿಸುವುದಿದ್ದರೆ ಅರ್ಧ ಪುಟವನ್ನಾದರೂ ಆನ್‌ಗೆ ಇಡಿ. ಬರೆಯುವವರಿಗೆ ಇಷ್ಟು ಹೇಳಿ, ಮೊದಲ ಸಾಲು 1707ರಿಂದ ಶುರುವಾಗಲಿ, 17 ಬಸಿರಿನ ಮಾತು ಆಮೇಲೆ ಬರಲಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ